ಸೊಸೈಟಿ ಕೀರ್ದಿ ಕಂಪ್ಯೂಟರ್ ಒಳಗೆ. ಕೀಲಿಕೈ ಯಾರ ಕಿಸೆಯಾಗ?

‘ಲಿಂಕ್ ಇಲ್ರಿ, ನಾಳೆ ಬರ್ರಿ.’

ಪತ್ತಿನ ಸಂಘದ ಕಟ್ಟೆ ಹತ್ತಿದ ರೈತನ ಕಿವಿಗೆ ಈಚೆಗೆ ಬೀಳುತ್ತಿರುವ ಹೊಸ ಮಂತ್ರ ಇದು. ಹಿಂದೆ ‘ಸೆಕ್ರೆಟರಿ ಸಾಹೇಬ್ರು ಪ್ಯಾಟಿಗೆ ಹೋಗ್ಯಾರ’ ಎಂಬ ಮಂತ್ರವಿತ್ತು. ಅದಕ್ಕೂ ಹಿಂದೆ ‘ಬುಕ್ಕು ಆಡಿಟ್ಟಿಗೆ ಹೋಗೇತಿ’ ಎಂಬುದಿತ್ತು. ಮಂತ್ರ ಬದಲಾಯಿತು, ಫಲ ಬದಲಾಗಲಿಲ್ಲ. ರೈತ ಬಂದ ದಾರಿಗೆ ಸುಂಕವಿಲ್ಲವೆಂದು ಹೊಳ್ಳಿ ಹೋಗುತ್ತಾನೆ. ಅವನ ಸಾಲವೆಷ್ಟು, ಷೇರೆಷ್ಟು, ಕಳೆದ ಸುಗ್ಗಿಯಲ್ಲಿ ತುಂಬಿದ ರೊಕ್ಕ ಜಮಾ ಆಯಿತೋ ಇಲ್ಲವೋ, ಎಲ್ಲವೂ ಆ ಗಾಜಿನ ಪರದೆಯ ಹಿಂದೆ ಕುಳಿತಿದೆ.

ಕಂಪ್ಯೂಟರ್ ಬೇಡವೆಂದು ಈ ಅಂಕಣ ಹೇಳುತ್ತಿಲ್ಲ. ಗೆದ್ದಲು ತಿಂದ ಕೀರ್ದಿ, ಮಸಿ ಚೆಲ್ಲಿದ ಖತಾವಣಿ, ಒಬ್ಬರಿಗೇ ಓದಲು ಬರುವ ಕೈಬರಹ, ಇವುಗಳ ಕಾಟ ನಮ್ಮ ಮಂದಿ ಸಾಕಷ್ಟು ಉಂಡಿದ್ದಾರೆ. ಕೇಳುವ ಪ್ರಶ್ನೆ ಬೇರೆ. ಸಂಘಗಳು ಕೂಡಿ ಬಳಸುವ ಈ ಹೊಸ ವ್ಯವಸ್ಥೆಯನ್ನು ಜೋಡಿಸುವವರು ಯಾರು? ಅದರ ಕೀಲಿಕೈ ಯಾರ ಕಿಸೆಯಲ್ಲಿದೆ? ಹತ್ತು ರೂಪಾಯಿ ಷೇರು ಇರಲಿ, ಸಾವಿರದ್ದಿರಲಿ, ಷೇರು ತೆಗೆದುಕೊಂಡ ಸದಸ್ಯ ತನ್ನ ಲೆಕ್ಕ ತಾನೇ ನೋಡಬಲ್ಲನೇ?

ಕಣಗಿನಹಾಳದ ಪಾಠ

ಗದಗ ಜಿಲ್ಲೆಯವರಿಗೆ ಸಹಕಾರದ ಪಾಠ ಬೇರೆಯವರು ಹೇಳಬೇಕಾಗಿಲ್ಲ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, ಅಂದರೆ 1905ರಲ್ಲಿ, ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಂಬ ಹೆಸರು ಆ ಊರಿಗೆ ಬಂತು. ಆಗ ಊರು ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಗದಗ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಮುಂದೆ ಹುಲಕೋಟಿಯ ಕೆ.ಎಚ್. ಪಾಟೀಲರ ಕಾಲದಲ್ಲಿ ಸಹಕಾರವೆಂದರೆ ಬರೀ ಸಾಲದ ಮಾತಲ್ಲ, ಗಿರಣಿಯ ಮಾತೂ ಹೌದು ಎಂಬುದನ್ನು ಈ ಭಾಗ ಕಂಡಿತು.

1904ರ ಆ ಕಾಯ್ದೆಯಲ್ಲಿ ಒಂದು ಗಟ್ಟಿ ಅಂಶವಿತ್ತು. ಈಗಿನವರಿಗೆ ಅದು ಮರೆತೇ ಹೋಗಿದೆ. ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆ ಅಪರಿಮಿತ. ಸಂಘ ಮುಳುಗಿದರೆ ತಾನು ಕಟ್ಟಿದ ಷೇರಿನ ಹಣ ಹೋಯಿತೆಂದು ಕೈತೊಳೆದುಕೊಳ್ಳುವಂತಿಲ್ಲ. ಒಬ್ಬ ಬಾಕಿ ಇಟ್ಟರೆ ಉಳಿದವರ ಹೊಲಮನೆಗೂ ಅದರ ಬಿಸಿ ತಾಗಬಹುದು. ಹೀಗಿರುವಾಗ ಲೆಕ್ಕದ ಪುಸ್ತಕ ಕಾರ್ಯದರ್ಶಿಯ ಖಾಸಗಿ ಆಸ್ತಿಯಾಗಲು ಸಾಧ್ಯವೇ ಇರಲಿಲ್ಲ. ಯಾರಿಗೆ ಎಷ್ಟು ಕೊಟ್ಟರು, ಎತ್ತು ತರಲು ಕೊಟ್ಟದ್ದೋ ಮಗಳ ಮದುವೆಗೆ ಕೊಟ್ಟದ್ದೋ, ತಿರುಗಿ ಬಂತೋ ಇಲ್ಲವೋ, ಪ್ರತಿಯೊಬ್ಬನಿಗೂ ಅದರ ಮೇಲೊಂದು ಕಣ್ಣು. ಓದಲು ಬರದವನು ಬರುವವನಿಂದ ಓದಿಸಿ ಕೇಳುತ್ತಿದ್ದ. ಹೊಟ್ಟೆಗೆ ಬೆಂಕಿ ಬೀಳುವ ಭಯವಿದ್ದರೆ ಕಿವಿ ತಾನಾಗಿಯೇ ಚುರುಕಾಗುತ್ತದೆ ನೋಡಿ!

ಅಪರಿಮಿತ ಹೊಣೆ ಹೋಯಿತು. ಹೋದದ್ದೂ ಸರಿಯೇ. ಆದರೆ ಅದರ ಜತೆಗೆ ‘ನಮ್ಮ ಲೆಕ್ಕ ನಾವು ನೋಡಬೇಕು’ ಎಂಬ ಚಾಳಿಯೂ ಹೋಯಿತಲ್ಲ, ಅದು ಕೆಟ್ಟದ್ದಾಯಿತು. ಈಗ ಪುಸ್ತಕವೇ ಕಣ್ಣಿಗೆ ಕಾಣದ ಕಾಲ ಬಂದಿದೆ.

2,516 ಕೋಟಿಯ ಯಂತ್ರ

2022ರ ಜೂನ್ ಕೊನೆಯಲ್ಲಿ ಕೇಂದ್ರ ಸಂಪುಟ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಕಂಪ್ಯೂಟರ್, ಒಟ್ಟು ಖರ್ಚು 2,516 ಕೋಟಿ ರೂಪಾಯಿ, ಅವಧಿ ಐದು ವರ್ಷ. ಕೇಂದ್ರದ ಪಾಲು 1,528 ಕೋಟಿ. ಉಳಿದದ್ದು ರಾಜ್ಯಗಳು ಮತ್ತು ನಬಾರ್ಡ್ ಹೊರಬೇಕು. ಭಾಗಿಸಿ ನೋಡಿದರೆ ಒಂದೊಂದು ಸಂಘದ ಹೆಸರಿಗೆ ನಾಲ್ಕು ಲಕ್ಷದ ಹತ್ತಿರ ಬರುತ್ತದೆ. ಹಳೆಯ ದಫ್ತರ ತುಂಬಿಸುವುದು, ಸಿಬ್ಬಂದಿಗೆ ತರಬೇತಿ, ಯಂತ್ರ, ಸೈಬರ್ ಭದ್ರತೆ, ಎಲ್ಲವೂ ಅದರಲ್ಲೇ ಸೇರಿದೆ.

ಯೋಜನೆಯ ಜೀವಾಳ ಯಂತ್ರವಲ್ಲ, ಒಂದೇ ತಂತ್ರಾಂಶ. ಅದಕ್ಕೂ ಮೊದಲು ಬಹುಪಾಲು ಸಂಘಗಳು ಕೈಬರಹದಲ್ಲೇ ಇದ್ದವು. ಕೆಲವು ರಾಜ್ಯಗಳಲ್ಲಿ ಕಂಪ್ಯೂಟರ್ ಬಂದಿದ್ದರೂ ಒಬ್ಬರ ತಂತ್ರಾಂಶ ಇನ್ನೊಬ್ಬರದಕ್ಕೆ ಮಾತಾಡುತ್ತಿರಲಿಲ್ಲ. ಸಂಘದ ಲೆಕ್ಕ ಒಂದು, ಜಿಲ್ಲಾ ಕೇಂದ್ರ ಬ್ಯಾಂಕಿನ ಲೆಕ್ಕ ಇನ್ನೊಂದು. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳಿಗೆ ಒಂದೇ ಕೇಂದ್ರ ಬ್ಯಾಂಕು, ಧಾರವಾಡದ ಕೆ.ಸಿ.ಸಿ. ಬ್ಯಾಂಕು. ಸಂಘದ ಪುಸ್ತಕಕ್ಕೂ ಬ್ಯಾಂಕಿನ ಪುಸ್ತಕಕ್ಕೂ ತಾಳೆಯಾಗದಿದ್ದರೆ ನಡುವೆ ಸಿಕ್ಕು ಒದ್ದಾಡುವವನು ರೈತ. ಈಗ ಸಂಘ, ಜಿಲ್ಲಾ ಬ್ಯಾಂಕು, ರಾಜ್ಯದ ಅಪೆಕ್ಸ್ ಬ್ಯಾಂಕು, ನಬಾರ್ಡ್, ಎಲ್ಲರೂ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಾಗಬೇಕೆಂಬುದು ಸರಕಾರದ ವಿಚಾರ. ತಂತ್ರಾಂಶ ಆಯಾ ರಾಜ್ಯದ ಭಾಷೆಯಲ್ಲಿ ಇರಬೇಕೆಂಬ ಮಾತೂ ಯೋಜನೆಯಲ್ಲೇ ಇದೆ. ಈ ಕೊನೆಯ ಮಾತನ್ನು ನಮ್ಮ ಸಂಘಗಳ ಸದಸ್ಯರು ಅಂಡರ್‌ಲೈನ್ ಮಾಡಿಟ್ಟುಕೊಳ್ಳಬೇಕು. ಕನ್ನಡದಲ್ಲಿ ಪಾವತಿ ಕೇಳಿದರೆ ಅದು ಉಪಕಾರ ಬೇಡಿದಂತಲ್ಲ.

2023ರಲ್ಲಿ ಇನ್ನೆರಡು ಬೆಳವಣಿಗೆ ಆದವು. ಜನವರಿಯಲ್ಲಿ ಕೇಂದ್ರ ಸಹಕಾರ ಮಂತ್ರಾಲಯ ಮಾದರಿ ಬೈಲಾ ಹೊರಡಿಸಿತು. ಪತ್ತಿನ ಸಂಘ ಸಾಲ-ಗೊಬ್ಬರಕ್ಕೇ ನಿಲ್ಲದೆ ಹಾಲು, ಮೀನು, ಗೋದಾಮು ಹೀಗೆ ಇಪ್ಪತ್ತೈದಕ್ಕೂ ಹೆಚ್ಚು ಉದ್ಯೋಗ ಮಾಡಬಹುದು ಎಂದಿತು. ಫೆಬ್ರುವರಿಯಲ್ಲಿ ಸಾಮಾನ್ಯ ಸೇವಾ ಕೇಂದ್ರದ ಕೆಲಸವನ್ನೂ ಸಂಘಗಳಿಗೆ ವಹಿಸುವ ಒಪ್ಪಂದವಾಯಿತು. ಅಂದರೆ ಸೊಸೈಟಿ ಈಗ ಅಂಗಡಿಯೂ ಹೌದು, ಬ್ಯಾಂಕೂ ಹೌದು, ಅರ್ಜಿ ತುಂಬುವ ಕಚೇರಿಯೂ ಹೌದು. ಮೂರೂ ಕೆಲಸಕ್ಕೆ ಕೂರುವ ಕುರ್ಚಿ ಮಾತ್ರ ಬಹಳ ಕಡೆ ಒಂದೇ!

ಒಂದು ದಿನದ ಬೆಲೆ

‘ಲಿಂಕ್ ಇಲ್ಲ ಅಂದ್ರ ಒಂದಿನ ತಡ ಆಗ್ತದ, ಅಷ್ಟ ಹೌದಲ್ರೀ?’ ಎನ್ನುವವರು ಇದ್ದಾರೆ. ಅವರು ಬೆಳೆಸಾಲ ತೆಗೆದವರಲ್ಲ.

ನಮ್ಮ ರಾಜ್ಯದಲ್ಲಿ ಸಹಕಾರ ಸಂಘದ ಅಲ್ಪಾವಧಿ ಬೆಳೆಸಾಲಕ್ಕೆ ಬಡ್ಡಿ ಸೊನ್ನೆ. ಮೂರು ಲಕ್ಷವಿದ್ದ ಮಿತಿಯನ್ನು 2023ರ ಜುಲೈ ತಿಂಗಳ ಬಜೆಟ್ಟಿನಲ್ಲಿ ಐದು ಲಕ್ಷಕ್ಕೆ ಏರಿಸಿದರು. ಆದರೆ ಆ ಸೊನ್ನೆ ಗಡುವಿನೊಳಗೆ ತುಂಬಿದವನಿಗೆ ಮಾತ್ರ. ಗಡುವು ದಾಟಿತೋ, ಸೊನ್ನೆ ಎದ್ದು ಹೋಗಿ ಬಡ್ಡಿ ಬಂದು ಕೂತಿತು. ಹೆಸರು ಮಾರಿ, ಉಳ್ಳಾಗಡ್ಡಿ ಮಾರಿ, ಸಾಲದ್ದಕ್ಕೆ ಕೈಗಡ ತಂದು ಗಡುವಿನ ದಿನ ರೊಕ್ಕ ಹಿಡಿದು ಬಂದ ರೈತನಿಗೆ ‘ನಾಳೆ ಬರ್ರಿ’ ಎಂದರೆ ಅದು ಒಂದು ದಿನದ ಮಾತಲ್ಲ, ಒಂದು ವರ್ಷದ ಬಡ್ಡಿಯ ಮಾತು. ರೊಕ್ಕ ತೆಗೆದುಕೊಂಡು ‘ಆಮ್ಯಾಲೆ ಎಂಟ್ರಿ ಮಾಡ್ತೀವಿ’ ಎಂದರೂ ಅಷ್ಟೇ ಅಪಾಯ. ಯಂತ್ರಕ್ಕೆ ರೈತ ಬಂದ ದಿನ ಗೊತ್ತಿಲ್ಲ, ಎಂಟ್ರಿಯಾದ ದಿನ ಮಾತ್ರ ಗೊತ್ತು. ಆದ್ದರಿಂದ ಲಿಂಕ್ ಇರಲಿ ಬಿಡಲಿ, ತಾರೀಖು-ಸಹಿ-ಶಿಕ್ಕೆ ಇರುವ ಕಾಗದದ ಪಾವತಿ ಆ ಕ್ಷಣಕ್ಕೆ ಕೈಗೆ ಬರಬೇಕು. ಆ ತಾರೀಖೇ ಲೆಕ್ಕದ ತಾರೀಖು ಎಂದು ಆಡಳಿತ ಮಂಡಳಿ ಠರಾವು ಮಾಡಿ ಜಿಲ್ಲಾ ಬ್ಯಾಂಕಿನಿಂದಲೂ ಒಪ್ಪಿಸಿಕೊಳ್ಳಬೇಕು.

ಸಾಲಮನ್ನಾದ ನೆನಪು ಇನ್ನೂ ಹಸಿಯಾಗಿದೆ. 2018ರಲ್ಲಿ ಸಹಕಾರಿ ಬೆಳೆಸಾಲ ಒಂದು ಲಕ್ಷದವರೆಗೆ ಮನ್ನಾ ಎಂದು ಸರಕಾರ ಹೇಳಿತು. ಹೇಳಿದ ಮಾತ್ರಕ್ಕೆ ಆಗಲಿಲ್ಲ. ಆಧಾರ್, ಪಡಿತರ ಚೀಟಿ, ಹೊಲದ ಸರ್ವೆ ನಂಬರು ಮೂರೂ ತಂತ್ರಾಂಶದಲ್ಲಿ ತಾಳೆಯಾಗಬೇಕಿತ್ತು. ಆಧಾರಿನಲ್ಲಿ ‘ಬಸಪ್ಪ’, ಉತಾರದಲ್ಲಿ ‘ಬಸವಣ್ಣೆಪ್ಪ’, ಪಡಿತರ ಚೀಟಿಯಲ್ಲಿ ಅಡ್ಡಹೆಸರು ಬೇರೆ. ಮನುಷ್ಯ ಒಬ್ಬನೇ, ಆದರೆ ಯಂತ್ರದ ಕಣ್ಣಿಗೆ ಮೂವರು! ಹಸಿರು ಪಟ್ಟಿಯಲ್ಲಿ ಹೆಸರು ಬರಲಿಲ್ಲವೆಂದು ಸೊಸೈಟಿ, ತಹಶೀಲದಾರ ಕಚೇರಿ, ಬ್ಯಾಂಕು ಎಂದು ಚಪ್ಪಲಿ ಸವೆಸಿದವರು ಯಾವ ಊರಲ್ಲಿಲ್ಲ? ಊರಿನ ಕಾರ್ಯದರ್ಶಿಗೆ ಬಸಪ್ಪ ಯಾರೆಂದು ಗೊತ್ತಿತ್ತು. ಆ ತಿಳಿವಳಿಕೆಯನ್ನು ಯಂತ್ರಕ್ಕೆ ಮುಟ್ಟಿಸುವ ದಾರಿ ಮಾತ್ರ ಸಂಘಕ್ಕೆ ಇರಲಿಲ್ಲ. ಹಳೆಯ ದಫ್ತರವನ್ನು ಹೊಸ ತಂತ್ರಾಂಶಕ್ಕೆ ತುಂಬುವಾಗ ಇದೇ ತಪ್ಪು ಮತ್ತೆ ಒಳಸೇರುತ್ತದೆ. ತುಂಬಿದ ಮೇಲೆ ಪ್ರತಿ ಸದಸ್ಯನ ಖಾತೆಯನ್ನೂ ಒಂದು ಹಾಳೆಗೆ ಅಚ್ಚು ತೆಗೆದು, ಅವನ ಕೈಗೆ ಕೊಟ್ಟು, ‘ನೋಡಪಾ, ಸರಿ ಐತೇನು?’ ಎಂದು ಕೇಳಿ ಸಹಿ ಹಾಕಿಸಿಕೊಳ್ಳುವ ಕೆಲಸ ಎಷ್ಟು ಕಡೆ ನಡೆದಿದೆ? ಬೇಸರದ ಕೆಲಸ, ನಿಜ. ಆದರೆ ಈಗ ಹದಿನೈದು ದಿನದ ಬೇಸರ ತಪ್ಪಿಸಿಕೊಂಡರೆ ಮುಂದೆ ಹದಿನೈದು ವರ್ಷದ ತಂಟೆ.

ಇದಕ್ಕೆ ಒಳ್ಳೆಯ ಮಾದರಿ ಹಾಲಿನ ಡೇರಿ. ಯಂತ್ರ ಇಟ್ಟಿರುವ ಡೇರಿಗಳಲ್ಲಿ ಮುಂಜಾನೆ ಕ್ಯಾನು ಹಿಡಿದು ಬಂದ ಹೆಣ್ಣುಮಗಳು ಎಷ್ಟು ಲೀಟರು, ಫ್ಯಾಟ್ ಎಷ್ಟು ಎಂಬುದನ್ನು ಕಣ್ಣಾರೆ ನೋಡಿ ಚೀಟಿ ಸೆರಗಿಗೆ ಕಟ್ಟಿಕೊಂಡು ಹೋಗುತ್ತಾಳೆ. ಸಂಜೆ ಮತ್ತೊಂದು ಚೀಟಿ. ವಾರದ ಲೆಕ್ಕ ತಪ್ಪಿದರೆ ಚೀಟಿ ಸುರುವಿ ಜಗಳ ತೆಗೆಯುತ್ತಾಳೆ, ಗೆಲ್ಲುತ್ತಾಳೆ. ದಿನಕ್ಕೆರಡು ಸಲ ತಾಳೆ ನೋಡುವ ಸಂಘದಲ್ಲಿ ಮೋಸಕ್ಕೆ ಜಾಗ ಕಡಿಮೆ. ವರ್ಷಕ್ಕೊಮ್ಮೆ ತಾಳೆ ನೋಡುವ ಸಂಘದಲ್ಲಿ ಜಾಗ ಬೇಕಾದಷ್ಟು.

ಪಾಸ್‌ವರ್ಡ್ ಪುರಾಣ

ಇನ್ನು ಕೀಲಿಕೈಯ ಕಥೆ. ತಿಜೋರಿಗೆ ಎರಡು ಕೀಲಿಕೈ, ಒಂದು ಕಾರ್ಯದರ್ಶಿ ಕಡೆ, ಇನ್ನೊಂದು ಅಧ್ಯಕ್ಷರ ಕಡೆ ಎಂಬ ರೂಢಿ ನಮ್ಮ ಸಂಘಗಳಲ್ಲಿ ಹಳೆಯದು. ಒಬ್ಬರೇ ತೆಗೆಯುವಂತಿಲ್ಲ. ಸಾವಿರ ರೂಪಾಯಿ ನಗದಿಗೆ ಇಷ್ಟು ಬಂದೋಬಸ್ತು. ಆದರೆ ಇಡೀ ಸಂಘದ ಲೆಕ್ಕ ತೆಗೆಯುವ ಪಾಸ್‌ವರ್ಡ್? ಅದು ಗೋಡೆಯ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿರುತ್ತದೆ, ಇಲ್ಲವೇ ಕಂಪ್ಯೂಟರ್ ಬಲ್ಲ ಹುಡುಗನ ತಲೆಯಲ್ಲಿರುತ್ತದೆ. ಸಂಘದ ಇ-ಮೇಲ್ ತೆರೆದದ್ದು ಯಾರದೋ ಸ್ವಂತ ಮೊಬೈಲ್ ನಂಬರಿನ ಮೇಲೆ. ಆ ಮನುಷ್ಯ ನಿವೃತ್ತನಾದ, ಇಲ್ಲವೇ ಮುನಿಸಿಕೊಂಡು ಬಿಟ್ಟು ಹೋದ. ಮರುದಿನದಿಂದ ಓಟಿಪಿ ಅವನ ಫೋನಿಗೇ ಹೋಗುತ್ತದೆ. ಸಂಘದವರು ಹಣ್ಣು-ಕಾಯಿ ಹಿಡಿದು ಅವನ ಮನೆಗೆ ಹೋಗಿ ನಿಲ್ಲಬೇಕು! ಇದು ಒಂದೂರಿನ ಕಥೆಯಲ್ಲ, ಸಹಕಾರದವರ ಕಥೆಯೊಂದೇ ಅಲ್ಲ. ದೇವಸ್ಥಾನ ಕಮಿಟಿಯಿಂದ ಶಾಲೆಯವರೆಗೆ ಎಲ್ಲ ಕಡೆಯ ಕಥೆ. ಆದರೆ ಸಂಘದಲ್ಲಿರುವುದು ಮಂದಿಯ ರೊಕ್ಕ.

ಉಪಾಯ ಬಲು ಸರಳ, ಖರ್ಚೂ ಇಲ್ಲ. ಫೋನ್ ನಂಬರು ಸಂಘದ ಹೆಸರಿನಲ್ಲಿ ಇರಬೇಕು, ಸಿಮ್ಮು ಸಂಘದ ಕಪಾಟಿನಲ್ಲಿ ಇರಬೇಕು. ಲೆಕ್ಕ ಬರೆಯುವವನಿಗೆ ಒಂದು ಲಾಗಿನ್, ಅದನ್ನು ಒಪ್ಪುವವನಿಗೆ ಇನ್ನೊಂದು. ಒಬ್ಬನೇ ಬರೆದು ಒಬ್ಬನೇ ಒಪ್ಪುವಂತಿರಬಾರದು. ತುರ್ತಿಗೆ ಬೇಕಾದ ಪಾಸ್‌ವರ್ಡ್ ಲಕೋಟೆಯಲ್ಲಿಟ್ಟು, ಅರಗು ಹಾಕಿ, ಇಬ್ಬರ ಸಹಿಯೊಂದಿಗೆ ತಿಜೋರಿಯಲ್ಲಿಡಬೇಕು. ಚಾರ್ಜು ಕೊಡುವಾಗ ಕುರ್ಚಿ-ಟೇಬಲ್ಲು ಎಣಿಸಿ ಯಾದಿ ಬರೆಯುತ್ತೇವಲ್ಲ, ಅದೇ ಯಾದಿಯಲ್ಲಿ ಇವೂ ಬರಬೇಕು. ‘ಕುರ್ಚಿ ಆರು, ಫ್ಯಾನು ಎರಡು, ಲಾಗಿನ್ ನಾಲ್ಕು.’ ನಗಬೇಡಿ, ಆರು ಕುರ್ಚಿ ಕಳೆದರೆ ಸಂಘ ಮುಳುಗುವುದಿಲ್ಲ.

ಕೂಡಿ ಕಟ್ಟಬೇಕಾದ ಕಪಾಟು

ಸದಸ್ಯರ ಲೆಕ್ಕದ ಮಾತು ಇಷ್ಟಾಯಿತು. ಇದಕ್ಕಿಂತ ಬೇರೆಯಾದ ಇನ್ನೊಂದು ಕೆಲಸವಿದೆ. ಅದರ ಬಗ್ಗೆ ಸರಕಾರವೂ ಸುಮ್ಮನಿದೆ, ಸಂಘಗಳೂ ಸುಮ್ಮನಿವೆ.

ಒಂದು ಸಂಘದ ಕಾರ್ಯದರ್ಶಿಗೆ ದಿನನಿತ್ಯ ಏನು ಬೇಕು? ನಿಬಂಧಕರ ಕಚೇರಿಯ ಹೊಸ ಸುತ್ತೋಲೆ ಬೇಕು. ಬೈಲಾ ತಿದ್ದುಪಡಿಯ ನಮೂನೆ, ಮಹಾಸಭೆಯ ನೋಟಿಸಿನ ನಮೂನೆ, ನಾಮನಿರ್ದೇಶನದ ಅರ್ಜಿ, ಬಾಕಿ ಇಲ್ಲದ ದಾಖಲೆಯ ನಮೂನೆ, ಆಡಿಟ್ ಆಕ್ಷೇಪಣೆಗೆ ಉತ್ತರ ಬರೆಯುವ ರೀತಿ ಬೇಕು. ಗೊಬ್ಬರ ಯಾವ ಸಂಘದಲ್ಲಿ ದಾಸ್ತಾನಿದೆ, ಯಾರ ಗೋದಾಮು ಖಾಲಿ ಇದೆ, ಯಾವ ಸೊಸೈಟಿಯ ಟ್ರ್ಯಾಕ್ಟರ್ ಬಾಡಿಗೆಗೆ ಸಿಗುತ್ತದೆ ಎಂಬುದು ಗೊತ್ತಾಗಬೇಕು. ಇದೆಲ್ಲ ಇಂದು ಎಲ್ಲಿದೆ? ವಾಟ್ಸಾಪಿನಲ್ಲಿದೆ! ‘ಶುಭೋದಯ’ದ ಹೂವು, ಅಧ್ಯಕ್ಷರ ಹುಟ್ಟುಹಬ್ಬದ ಫೋಟೊ, ಯಾರೋ ತೀರಿಕೊಂಡ ಸುದ್ದಿ, ಇವುಗಳ ಅಡಿಯಲ್ಲಿ ಹೂತುಹೋದ ಸುತ್ತೋಲೆ. ಮೂರು ತಿಂಗಳ ಮೇಲೆ ಹುಡುಕಿದರೆ ಸಿಗುವುದು ಹೂವಿನ ಚಿತ್ರವೇ. ಸಿಕ್ಕರೂ ಅದು ಹಳೆಯದೋ ಹೊಸದೋ ತಿಳಿಯದು. ಕಡತದ ಹೆಸರು ‘ಫೈನಲ್’, ಅದರ ಪಕ್ಕದ್ದು ‘ಫೈನಲ್ ನ್ಯೂ’, ಇನ್ನೊಂದು ‘ಇದೇ ಫೈನಲ್’.

ರಾಜ್ಯದಲ್ಲಿ ಪತ್ತಿನ ಸಂಘಗಳೇ ಐದು ಸಾವಿರಕ್ಕೆ ಮೇಲಿವೆ. ಹಾಲಿನವು, ನೇಕಾರರವು, ಟಿ.ಎ.ಪಿ.ಸಿ.ಎಂ.ಎಸ್.ಗಳು, ಪಟ್ಟಣದ ಸೌಹಾರ್ದಗಳು ಬೇರೆ. ಒಂದೇ ನಮೂನೆಯನ್ನು ಸಾವಿರ ಕಡೆ ಸಾವಿರ ಜನ ಹೊಸದಾಗಿ ಟೈಪು ಮಾಡಿಸುತ್ತಾರೆ. ಹತ್ತು ಸಂಘಗಳು ಹತ್ತು ವೆಬ್‌ಸೈಟು ಮಾಡಿಸುತ್ತವೆ. ಉದ್ಘಾಟನೆಗೆ ಹಾರ, ಶಾಲು, ಪೇಪರಿನಲ್ಲಿ ಫೋಟೊ. ಎರಡನೇ ವರ್ಷ ಬಾಡಿಗೆ ಕಟ್ಟದೆ ಸೈಟು ಬಂದ್. ಬೆಟಗೇರಿಯ ಸೀರೆಯೋ ಗದುಗಿನ ಮೆಣಸಿನಕಾಯಿಯೋ, ದೂರದ ಗಿರಾಕಿ ಹುಡುಕಿದಾಗ ಸಿಗುವುದು ದಲಾಲಿ ಅಂಗಡಿಯ ಹೆಸರು, ಸಂಘದ ಹೆಸರಲ್ಲ. ಮಾರಾಟದ ಪುಟ ಐದಾರು ಸಂಘ ಕೂಡಿ ಒಂದೇ ಮಾಡಿದರೆ ಫೋಟೊ ತೆಗೆಯುವವನ ಖರ್ಚು ಹಂಚಿಹೋಗುತ್ತದೆ, ಫೋನೆತ್ತುವವನೊಬ್ಬ ಇರುತ್ತಾನೆ.

ಕೂಡಿದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. ಅಡಿಕೆಯ ಬೆಲೆ ಕುಸಿದಾಗ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು, ಕರ್ನಾಟಕ-ಕೇರಳ ಎರಡೂ ರಾಜ್ಯದ ಬೆಳೆಗಾರರದು. ಖರೀದಿಗಿಳಿದದ್ದು ಅದರ ಬಲ. ಆದರೆ ‘ಇವತ್ತಿನ ದರ ಇದು’ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ್ದು ಅದಕ್ಕೆ ಕಡಿಮೆಯ ಬಲವಲ್ಲ. ದರ ಗೊತ್ತಿರುವ ಬೆಳೆಗಾರನನ್ನು ಏಮಾರಿಸುವುದು ಕಷ್ಟ.

ಹಾಗಾದರೆ ನಮ್ಮ ಜಿಲ್ಲೆಯ ಸಂಘಗಳಿಗೊಂದು ಸಾಮಾನ್ಯ ಕಪಾಟು ಏಕಾಗಬಾರದು? ಗಾಡ್ರೆಜ್ ಕಪಾಟಲ್ಲ, ಅಂತರಜಾಲದ್ದು. ಎಲ್ಲ ಸಂಘಗಳೂ ತೆಗೆದು ನೋಡಬಹುದಾದ, ಆದರೆ ಒಬ್ಬನೇ ಹೊಣೆಗಾರ ಒಪ್ಪವಾಗಿ ಜೋಡಿಸಿಡುವ ಕಪಾಟು. ಪ್ರತಿ ಕಾಗದದ ನೆತ್ತಿಯ ಮೇಲೆ ತಾರೀಖು, ಯಾವುದು ಚಾಲ್ತಿ ಯಾವುದು ರದ್ದು ಎಂಬ ಗುರುತು. ಹೆಸರಿಡುವುದಕ್ಕೊಂದು ಕ್ರಮ: ವರ್ಷ, ವಿಷಯ, ಹೊರಡಿಸಿದವರು. ಸದಸ್ಯರ ಸಾಲದ ವಿವರ, ಆಧಾರ್ ಪ್ರತಿ, ಫೋಟೊ ಇವು ಯಾವುವೂ ಆ ಕಪಾಟಿಗೆ ಬರಕೂಡದು. ವೈಯಕ್ತಿಕ ದತ್ತಾಂಶಕ್ಕೆ 2023ರಲ್ಲಿ ಸಂಸತ್ತು ಬೇರೆ ಕಾನೂನನ್ನೇ ಮಾಡಿದೆ. ಕಾನೂನು ಇರದಿದ್ದರೂ ಪಕ್ಕದ ಮನೆಯವನ ಸಾಲ ಇಡೀ ತಾಲೂಕಿಗೆ ಕಾಣುವುದು ಮರ್ಯಾದೆಯ ಕೆಲಸವಲ್ಲ. ಸಂಘದ ಬೈಲಾ ಮಾತ್ರ ಕಪಾಟಿನಲ್ಲಿ ಢಾಳಾಗಿ ಕಾಣಬೇಕು. ಬೈಲಾ ಮತ್ತು ಸದಸ್ಯರ ಯಾದಿಯನ್ನು ಕಚೇರಿಯಲ್ಲಿ ನೋಡಲು ಮುಕ್ತವಾಗಿಡಬೇಕೆಂಬುದು ಸಹಕಾರ ಕಾಯ್ದೆಯ ಹಳೆಯ ನಿಯಮ. ಎಷ್ಟು ಸದಸ್ಯರು ತಮ್ಮ ಬೈಲಾ ಕಣ್ಣಿಂದ ಕಂಡಿದ್ದಾರೆ? ಗಂಡ ಸತ್ತ ಮೇಲೆ ಅವನ ಷೇರು, ಠೇವಣಿ ತನ್ನ ಹೆಸರಿಗೆ ಮಾಡಿಸಲು ಅಲೆಯುವ ಹೆಂಗಸಿಗೆ ಯಾವ ಅರ್ಜಿ, ಯಾವ ಕಾಗದ ಬೇಕೆಂದು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು ಅಂಟಿಸಿದ ಸಂಘ ಎಷ್ಟಿವೆ? ಆ ಒಂದು ಪುಟವನ್ನು ಒಮ್ಮೆ ಚೆನ್ನಾಗಿ ಬರೆದರೆ ಜಿಲ್ಲೆಯ ಎಲ್ಲ ಸಂಘಕ್ಕೂ ಆದೀತು.

ರೊಕ್ಕ ಎಲ್ಲಿಂದ ಎಂದು ಕೇಳುವಿರಿ. ಪ್ರತಿ ಸಂಘದ ನಿವ್ವಳ ಲಾಭದಲ್ಲಿ ಒಂದು ಪಾಲು ಸಹಕಾರ ಶಿಕ್ಷಣ ನಿಧಿಗೆ ಹೋಗುತ್ತದೆ. ಜಿಲ್ಲಾ ಸಹಕಾರ ಯೂನಿಯನ್‌ಗಳು ಇರುವುದೇ ಶಿಕ್ಷಣ-ತರಬೇತಿಗೆಂದು. ಪ್ರತಿ ವರ್ಷ ನವೆಂಬರ್ 14ರಿಂದ 20ರವರೆಗೆ ಸಹಕಾರ ಸಪ್ತಾಹ. ಏಳು ಬಣ್ಣದ ಬಾವುಟ, ವೇದಿಕೆಯ ತುಂಬ ಗಣ್ಯರು, ಮಧ್ಯಾಹ್ನ ಊಟ. ಬೇಡವೆನ್ನುತ್ತಿಲ್ಲ, ಊಟ ಚೆನ್ನಾಗಿಯೇ ಇರುತ್ತದೆ. ಏಳು ದಿನದಲ್ಲಿ ಒಂದು ದಿನ ಭಾಷಣ ಬಿಟ್ಟು, ಕಾರ್ಯದರ್ಶಿಗಳನ್ನು ಕೂರಿಸಿ ಈ ಕಪಾಟು ಜೋಡಿಸಿದರೆ ನಿಧಿಗೂ ಗೌರವ, ಬಾವುಟಕ್ಕೂ ಗೌರವ.

ಜರ್ಮನಿಯ ಎರಡನೇ ಪಾಠ

ನಮ್ಮ ಪತ್ತಿನ ಸಂಘಗಳ ಮೂಲ ಕಲ್ಪನೆ ಬಂದದ್ದು ಜರ್ಮನಿಯಿಂದ. ಅಲ್ಲಿ ರೈಫೈಸನ್ ಎಂಬ ಊರ ಮೇಯರು ಬಡ ರೈತರಿಗಾಗಿ ಹಳ್ಳಿಯ ಸಾಲ ಸಂಘ ಕಟ್ಟಿದ. ಮದ್ರಾಸು ಸರಕಾರದ ಅಧಿಕಾರಿ ಫ್ರೆಡ್ರಿಕ್ ನಿಕಲ್ಸನ್ 1890ರ ದಶಕದಲ್ಲಿ ಅದನ್ನೆಲ್ಲ ನೋಡಿ, ನಮ್ಮ ರೈತರಿಗೂ ಅದೇ ದಾರಿ ಎಂದು ವರದಿ ಬರೆದ. 1904ರ ಕಾಯ್ದೆಗೆ ಅದು ಬುನಾದಿಯಾಯಿತು. ಮೊದಲ ಪಾಠ ನಾವು ಕಲಿತೆವು.

ಅದೇ ದೇಶದಲ್ಲಿ 1966ರಲ್ಲಿ ಇನ್ನೊಂದು ಕೆಲಸವಾಯಿತು. ಕಂಪ್ಯೂಟರ್ ಎಂದರೆ ಕೋಣೆ ತುಂಬುವ ಯಂತ್ರವಾಗಿದ್ದ ಕಾಲ. ನ್ಯೂರೆಂಬರ್ಗ್ ನಗರದಲ್ಲಿ 65 ಮಂದಿ ತೆರಿಗೆ ಸಲಹೆಗಾರರು ಕೂಡಿದರು. ಒಬ್ಬೊಬ್ಬರಿಗೆ ಯಂತ್ರ ಕೊಳ್ಳುವ ತಾಕತ್ತಿಲ್ಲ. ಎಲ್ಲರ ಗಿರಾಕಿಗಳ ಲೆಕ್ಕವನ್ನೂ ಒಂದೇ ಕಡೆ ಯಂತ್ರದಲ್ಲಿ ಮಾಡಿಸೋಣ ಎಂದು ಸಹಕಾರ ಸಂಘ ಮಾಡಿಕೊಂಡರು. ಹೆಸರು ಡೇಟೆವ್. ಇಂದು ಅದರ ಸದಸ್ಯರು ಹತ್ತಾರು ಸಾವಿರ. ಅದು ಆ ದೇಶದ ದೊಡ್ಡ ತಂತ್ರಾಂಶ ಸಂಸ್ಥೆಗಳಲ್ಲೊಂದು, ಇನ್ನೂ ಸಹಕಾರ ಸಂಘವೇ. ಯಂತ್ರ ಬಳಸುವವರೇ ಯಂತ್ರದ ಧಣಿಗಳು. ತಂತ್ರಾಂಶ ಸರಿಯಿಲ್ಲವೆಂದರೆ ಅವರು ಯಾರಿಗೂ ಅರ್ಜಿ ಹಾಕಿ ಕೈಮುಗಿಯಬೇಕಿಲ್ಲ, ತಮ್ಮ ಸಭೆಯಲ್ಲೇ ಎದ್ದುನಿಂತು ಕೇಳಬಹುದು.

ಎರಡನೇ ಪಾಠ ನಾವಿನ್ನೂ ಪೂರ್ತಿ ಕಲಿತಿಲ್ಲ. ಪತ್ತಿನ ಸಂಘಗಳ ತಂತ್ರಾಂಶ ಮೇಲಿನಿಂದ ಇಳಿದು ಬಂದದ್ದು. ಅದರಲ್ಲಿ ಒಂದು ಕಾಲಂ ಬದಲಾಗಬೇಕಾದರೆ ಹಳ್ಳಿಯ ಸಂಘದ ಮಾತು ಎಷ್ಟು ಮೆಟ್ಟಿಲು ಹತ್ತಬೇಕೋ ಆ ಶಿವನಿಗೇ ಗೊತ್ತು. ಪಟ್ಟಣದ ಸಹಕಾರಿ ಬ್ಯಾಂಕುಗಳಿಗೆ ಮಾತ್ರ 2024ರ ಮಾರ್ಚಿನಲ್ಲಿ ದಿಲ್ಲಿಯಲ್ಲಿ ಒಂದು ಛತ್ರಿ ಸಂಸ್ಥೆ ಉದ್ಘಾಟನೆಯಾಯಿತು. ಬ್ಯಾಂಕುಗಳೇ ಅದರಲ್ಲಿ ಬಂಡವಾಳ ಹಾಕಿವೆ, ತಂತ್ರಜ್ಞಾನದ ಸೇವೆ ಒದಗಿಸುವುದು ಅದರ ಕೆಲಸಗಳಲ್ಲಿ ಒಂದು. ಹಳ್ಳಿಯ ಸಂಘಗಳಿಗೆ ಅಂಥದ್ದು ಬರುವವರೆಗೆ ಕನಿಷ್ಠ ತಾಲೂಕಿಗೊಂದು ದೂರು ಪುಸ್ತಕವಾದರೂ ಇರಲಿ. ತಂತ್ರಾಂಶದ ಯಾವ ತೊಡಕು ಎಷ್ಟು ಸಂಘಕ್ಕೆ ಬಂತೆಂದು ಕೂಡಿಸಿ ಬರೆದು ಕಳಿಸಿದರೆ ಮೇಲಿನವರಿಗೆ ಕೇಳಿಸುತ್ತದೆ. ಒಬ್ಬೊಬ್ಬರೇ ಫೋನು ಮಾಡಿದರೆ ‘ರೀಸ್ಟಾರ್ಟ್ ಮಾಡ್ರಿ’ ಎಂಬ ಉತ್ತರ ಸಿಗುತ್ತದೆ.

ಎಲ್ಲರ ಬಣಿವೆ ಒಂದೇ ಕಣದಲ್ಲಿ

ಕೂಡಿ ಇಡುವುದಕ್ಕೆ ಅಪಾಯವೂ ಇದೆ. ಎಲ್ಲರ ಬಣಿವೆ ಒಂದೇ ಕಣದಲ್ಲಿದ್ದರೆ ಕಿಡಿ ಒಂದೇ ಸಾಕು.

2018ರ ಆಗಸ್ಟಿನಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನ ವ್ಯವಸ್ಥೆಯೊಳಗೆ ಸೈಬರ್ ಕಳ್ಳರು ನುಗ್ಗಿದರು. ಎರಡು-ಮೂರು ದಿನದಲ್ಲಿ 94 ಕೋಟಿ ರೂಪಾಯಿ ಮಾಯ. ಅದರಲ್ಲಿ ಹೆಚ್ಚಿನ ಪಾಲನ್ನು ನಕಲಿ ಕಾರ್ಡು ಹಿಡಿದು 28 ದೇಶಗಳ ಏಟಿಎಂಗಳಿಂದ ಎತ್ತಿದರು! ಕನ್ನ ಹಾಕಿದವರು ಪುಣೆಗೆ ಕಾಲಿಡಬೇಕಾದ ಅಗತ್ಯವೇ ಇರಲಿಲ್ಲ. 2024ರ ಜುಲೈ 31ರ ಘಟನೆ ನಮಗೆ ಇನ್ನೂ ಹತ್ತಿರದ್ದು. ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಎಂಬ ಸಂಸ್ಥೆಯ ವ್ಯವಸ್ಥೆಗೆ ಒತ್ತೆಹಣ ಕೇಳುವ ವೈರಸ್ ದಾಳಿಯಾಯಿತು. ಅದು ಹರಡಬಾರದೆಂದು ಪಾವತಿ ನಿಗಮದವರು ಆ ಸಂಸ್ಥೆಯನ್ನು ಜಾಲದಿಂದ ಬೇರ್ಪಡಿಸಿದರು. ಸುಮಾರು 300 ಸಣ್ಣ ಬ್ಯಾಂಕುಗಳ, ಅಂದರೆ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗಿರಾಕಿಗಳು ಏಟಿಎಂ ಮುಂದೆ, ಯುಪಿಐ ಮುಂದೆ ಕೈಕಟ್ಟಿ ನಿಂತರು. ಮರುದಿನ ಸರಿಯಾಯಿತು. ಆ 300 ಬ್ಯಾಂಕುಗಳು ಯಾವ ತಪ್ಪೂ ಮಾಡಿರಲಿಲ್ಲ. ಅವುಗಳ ಬೇರು ಒಂದೇ ಕಡೆ ಇತ್ತು, ಅಷ್ಟೇ.

ಹೀಗೆಂದು ಪುನಃ ಕೀರ್ದಿ ಪುಸ್ತಕಕ್ಕೆ ಹೋಗೋಣ ಎಂದಲ್ಲ. ದಿನದ ಕೊನೆಗೆ ದಿನವಹಿಯನ್ನು ಅಚ್ಚು ತೆಗೆದು ಸಹಿ ಮಾಡಿ ಇಟ್ಟುಕೊಳ್ಳುವುದು, ತಿಂಗಳಿಗೊಮ್ಮೆ ಎಲ್ಲ ಖಾತೆಗಳ ಬಾಕಿಯ ಯಾದಿಯನ್ನು ಕಾಗದದ ಮೇಲೆ ತೆಗೆದು ತಿಜೋರಿಯಲ್ಲಿಡುವುದು, ಇಷ್ಟು ಮಾಡಿದರೆ ಯಂತ್ರ ಕೈಕೊಟ್ಟ ದಿನವೂ ಸಂಘದ ಬಾಗಿಲು ತೆರೆದಿರುತ್ತದೆ. ಕರೆಂಟು ಇಲ್ಲ, ಸಿಗ್ನಲ್ ಇಲ್ಲ ಎಂಬ ದಿನ ಏನು ಮಾಡಬೇಕೆಂದು ಗೋಡೆಯ ಮೇಲೆ ಬರೆದಿರಬೇಕು. ಪೆನ್ಸಿಲಿನಲ್ಲಿ ಕ್ಯಾಲೆಂಡರಿನ ಹಿಂದೆ ಅಲ್ಲ, ಎದುರಿಗೆ.

ಮಾರ್ಚ್ 31ಕ್ಕೆ ಸಹಕಾರ ವರ್ಷ ಮುಗಿಯುತ್ತದೆ; ಅಲ್ಲಿಂದ ಆರು ತಿಂಗಳೊಳಗೆ, ಅಂದರೆ ಸೆಪ್ಟೆಂಬರ್ ಮುಗಿಯುವ ಮುನ್ನ ವಾರ್ಷಿಕ ಮಹಾಸಭೆ ಆಗಬೇಕು. ನಮ್ಮಲ್ಲಿ ಮಹಾಸಭೆ ಎಂದರೆ ವರದಿ ಓದುವುದು, ‘ಮಂಜೂರ್, ಮಂಜೂರ್’ ಎಂಬ ಕೂಗು, ಚಹಾ-ಚುರಮುರಿ, ಮುಗಿಯಿತು. ಮುಂದಿನ ಸಭೆಯಲ್ಲಿ ಚುರಮುರಿ ಬರುವ ಮೊದಲು ಯಾರಾದರೊಬ್ಬರು ಎದ್ದು ಮೂರು ಮಾತು ಕೇಳಲಿ. ನಮ್ಮ ಸಂಘದ ಲಾಗಿನ್ ಎಷ್ಟು, ಯಾರ್‍ಯಾರ ಕಡೆ ಅದಾವು? ಹಳೇ ದಫ್ತರ ತುಂಬಿದ ಮೇಲೆ ಸದಸ್ಯರ ಖಾತೆ ಸದಸ್ಯರಿಗೆ ತೋರಿಸೀರೋ ಇಲ್ಲೋ? ಲಿಂಕ್ ಇಲ್ಲದ ದಿನ ತುಂಬಿದ ರೊಕ್ಕಕ್ಕೆ ಯಾವ ತಾರೀಖು ಹಾಕ್ತೀರಿ? ಪ್ರಶ್ನೆಗಳನ್ನು ಸಭೆಗೆ ಮೊದಲೇ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಂಡರೆ ಇನ್ನೂ ಬೇಷು. ಉತ್ತರ ಏನೇ ಬರಲಿ, ಅದು ನಡಾವಳಿ ಪುಸ್ತಕದಲ್ಲಿ ಬರಬೇಕು. ‘ಅದನ್ನ ಆಮ್ಯಾಲೆ ಬರಕೊಂತೀವಿ’ ಎಂದರೆ ಒಪ್ಪಬೇಡಿ. ಬರೆದು, ಓದಿಸಿ, ಅಧ್ಯಕ್ಷರ ಸಹಿ ಬಿದ್ದ ಮೇಲೆಯೇ ಚಹಾ.